ಚಾಪೆ, ರಂಗೋಲಿ ಮತ್ತು ಐದು ನಕ್ಷತ್ರ

ಮೊಬೈಲಿಗೆ ಹೊಸ ಆಪ್ ಒಂದನ್ನು ಇಳಿಸಿಕೊಳ್ಳುವಾಗ ನಾವೆಲ್ಲ ಮಾಡುವ ಮೊದಲ ಕೆಲಸ ಯಾವುದು ಹೇಳಿ? ಅದನ್ನು ಮಾಡಿದವರು ಯಾರು, ಎಲ್ಲಿಯವರು, ನಮ್ಮ ಫೋನಿನಲ್ಲಿ ಅದಕ್ಕೆ ಏನೇನು ಬೇಕಂತೆ ಅಂತ ಓದುವುದಂತೂ ಅಲ್ಲ. ಹೆಸರಿನ ಕೆಳಗಿರುವ ನಕ್ಷತ್ರ ನೋಡುವುದು. 4.5 ಇದೆಯಾ? ಸರಿ, ಚೆನ್ನಾಗೇ ಇರಬೇಕು. 2.8 ಇದೆಯಾ? ಬೇಡ, ಮುಂದಿನದು ನೋಡೋಣ. ಎರಡು ಸೆಕೆಂಡಿನ ತೀರ್ಮಾನ.

ಬೆಂಡೆಕಾಯಿ ಕೊಳ್ಳುವಾಗ ತುದಿ ಮುರಿದು ನೋಡುತ್ತೇವೆ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತೇವೆ. ಆದರೆ ಬ್ಯಾಂಕಿನ ಮೆಸೇಜು, ಮಕ್ಕಳ ಫೋಟೋ, ನೆಂಟರಿಷ್ಟರ ನಂಬರು ಎಲ್ಲವೂ ಇರುವ ಫೋನಿನೊಳಗೆ ಅಪರಿಚಿತನೊಬ್ಬನನ್ನು ಬಿಟ್ಟುಕೊಳ್ಳುವಾಗ ಮಾತ್ರ ನಕ್ಷತ್ರ ಎಣಿಸಿ ಸುಮ್ಮನಾಗುತ್ತೇವೆ. ಕಾರಣ ಇಷ್ಟೇ... ಆ ನಕ್ಷತ್ರಗಳನ್ನು ಅಂಗಡಿಯವನು ಕೊಟ್ಟದ್ದಲ್ಲ, ನಮ್ಮಂಥವರೇ ಬಳಸಿ ನೋಡಿ ಕೊಟ್ಟದ್ದು ಅನ್ನುವ ನಂಬಿಕೆ.

ಈ ನಂಬಿಕೆಯನ್ನು ಕಾಸು ಮಾಡಿಕೊಂಡವರ ಇತಿಹಾಸ ಸಾಕಷ್ಟು ಸ್ವಾರಸ್ಯವಾಗಿದೆ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಸಿಕ್ಕಿಲ್ಲ. ಬರಹ ಸ್ವಲ್ಪ ಉದ್ದವಾಗಿದೆ, ಕಾಫಿ ಲೋಟ ಜೊತೆಗಿರಲಿ :)

*

ಮೊದಲಿಗೆ ಮೊಬೈಲಿಗಿಂತ ಹಿಂದಿನ ಒಂದು ಘಟನೆ. 2004ರ ಫೆಬ್ರವರಿಯಲ್ಲಿ ಅಮೆಜಾನಿನ ಕೆನಡಾ ತಾಣದಲ್ಲಿ ಒಂದು ತಾಂತ್ರಿಕ ಎಡವಟ್ಟಾಯಿತು. ಅಡ್ಡಹೆಸರಿನಲ್ಲಿ ಪುಸ್ತಕ ವಿಮರ್ಶೆ ಬರೆದಿದ್ದವರ ನಿಜವಾದ ಹೆಸರುಗಳು ಕೆಲವು ದಿನ ಎಲ್ಲರಿಗೂ ಕಾಣುವಂತಾದವು. ನೋಡಿದರೆ, ತಮ್ಮ ಪುಸ್ತಕವನ್ನು ತಾವೇ 'ಓದುಗ'ರಾಗಿ ಹೊಗಳಿ ಐದು ನಕ್ಷತ್ರ ಕೊಟ್ಟುಕೊಂಡ ಲೇಖಕರೂ ಅಲ್ಲಿದ್ದರು! ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಲು ಕೈ ಎಟುಕುವುದಿಲ್ಲ ಅನ್ನುತ್ತೇವಲ್ಲ, ಅಂತರ್ಜಾಲದಲ್ಲಿ ಅದು ಸಲೀಸಾಗಿ ಎಟುಕುತ್ತದೆ ಅಂತ ಅವತ್ತೇ ಗೊತ್ತಾಗಿತ್ತು.

ನಾಲ್ಕು ವರ್ಷದ ನಂತರ, 2008ರ ಜುಲೈ 10ರಂದು ಆಪಲ್ ತನ್ನ ಆಪ್ ಸ್ಟೋರ್ ತೆರೆಯಿತು. ಮೊದಲ ದಿನ ಅಲ್ಲಿದ್ದದ್ದು ಸುಮಾರು 500 ಆಪ್‌ಗಳು. ಅದೇ ವರ್ಷದ ಅಕ್ಟೋಬರಿನಲ್ಲಿ ಗೂಗಲ್‌ನ ಆಂಡ್ರಾಯ್ಡ್ ಮಾರ್ಕೆಟ್ ಬಂತು (2012ರ ಮಾರ್ಚಿನಲ್ಲಿ ಅದಕ್ಕೆ ಗೂಗಲ್ ಪ್ಲೇ ಅಂತ ಮರುನಾಮಕರಣ ಆಯಿತು). ಎರಡೂ ಕಡೆ ಐದು ನಕ್ಷತ್ರದ ಪದ್ಧತಿ ಇತ್ತು.

ಆಪಲ್‌ನ ಅಂಗಡಿಯಲ್ಲಿ ಶುರುವಿನ ಎರಡು ಮೂರು ತಿಂಗಳು ಒಂದು ತಮಾಷೆ ನಡೆಯಿತು. ಆಪನ್ನು ಇಳಿಸಿಕೊಳ್ಳದವರೂ ಅದರ ಬಗ್ಗೆ ರಿವ್ಯೂ ಬರೆಯಬಹುದಿತ್ತು. ಸಿನಿಮಾ ನೋಡದೇ ವಿಮರ್ಶೆ ಬರೆದ ಹಾಗೆ. "ಬೆಲೆ ಜಾಸ್ತಿ" ಅಂತ ಸಿಟ್ಟಿಗೆ ಒಂದು ನಕ್ಷತ್ರ ಕುಟ್ಟಿ ಹೋಗುವವರು ಒಂದು ಕಡೆ, ಪ್ರತಿಸ್ಪರ್ಧಿಯ ಕಾಲೆಳೆಯುವವರು ಇನ್ನೊಂದು ಕಡೆ. ಸೆಪ್ಟೆಂಬರ್ ಹೊತ್ತಿಗೆ ಆಪಲ್ ಅದನ್ನು ನಿಲ್ಲಿಸಿ, ಇಳಿಸಿಕೊಂಡವರು ಮಾತ್ರ ಬರೆಯಬಹುದು ಅಂತ ಮಾಡಿತು.

ಆಮೇಲೆ ಆಪಲ್ ತಾನೇ ಒಂದು ವಿಚಿತ್ರ ಕೆಲಸ ಮಾಡಿತು. ಐಫೋನಿನಿಂದ ಯಾವುದಾದರೂ ಆಪನ್ನು ಅಳಿಸಲು ಹೋದರೆ, ಅಳಿಸುವ ಹೊತ್ತಿಗೆ ಸರಿಯಾಗಿ "ಇದಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ?" ಅಂತ ಕೇಳುವ ಪೆಟ್ಟಿಗೆ ಬರುತ್ತಿತ್ತು. ಮನೆ ಖಾಲಿ ಮಾಡಿ ಹೋಗುತ್ತಿರುವ ಬಾಡಿಗೆದಾರನನ್ನು ಗೇಟಿನ ಹತ್ತಿರ ನಿಲ್ಲಿಸಿ "ನಮ್ಮ ಮನೆ ಹೇಗಿತ್ತು?" ಅಂತ ಕೇಳಿದರೆ ಏನು ಹೇಳುತ್ತಾನೆ? ಇಷ್ಟಪಟ್ಟು ಇಟ್ಟುಕೊಂಡವರನ್ನು ಯಾರೂ ಕೇಳುತ್ತಿರಲಿಲ್ಲ, ಬೇಡ ಅಂತ ಕಿತ್ತು ಹಾಕುವವರನ್ನು ಮಾತ್ರ ಕೇಳುತ್ತಿದ್ದರು. ಸಹಜವಾಗಿಯೇ ಸರಾಸರಿಗಳು ಬಿದ್ದವು. ಆಪ್ ಮಾಡುವವರು ಬೊಬ್ಬೆ ಹೊಡೆದರು. 2010ರಲ್ಲಿ ಐಓಎಸ್ 4 ಬಂದಾಗ ಈ ಪೆಟ್ಟಿಗೆ ಮಾಯವಾಯಿತು.

ಈ ಘಟನೆಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಆಪ್‌ಗಳು ಕೆಟ್ಟಿರಲಿಲ್ಲ, ಜನ ಸುಳ್ಳೂ ಹೇಳಿರಲಿಲ್ಲ. ಆದರೂ ನಕ್ಷತ್ರದ ಲೆಕ್ಕ ತಪ್ಪಿತ್ತು. ಯಾರನ್ನು ಕೇಳಿದರು, ಯಾವಾಗ ಕೇಳಿದರು ಅನ್ನುವುದೇ ಉತ್ತರವನ್ನು ತೀರ್ಮಾನಿಸಿತ್ತು. ಮುಂದಿನ ಇಡೀ ಕಥೆ ಈ ಪಾಠವನ್ನು ಒಬ್ಬೊಬ್ಬರೂ ತಮಗೆ ಬೇಕಾದಂತೆ ಕಲಿತದ್ದರ ಕಥೆ.

*

ಆದರೆ ಮೊದಲು ಬಂದವರು ಇಷ್ಟೆಲ್ಲ ಸೂಕ್ಷ್ಮದವರಲ್ಲ. ಅವರು ನೇರವಾಗಿ ಸುಳ್ಳು ಹೇಳಿದರು.

2009ರ ಡಿಸೆಂಬರಿನಲ್ಲಿ ಮೋಲಿಂಕರ್ ಅನ್ನುವ ಚೀನಾದ ಕಂಪನಿಯ ಪ್ರಕರಣ ಹೊರಗೆ ಬಂತು. ಅವರ ಬಳಿ ಸಾವಿರಕ್ಕೂ ಹೆಚ್ಚು ಆಪ್‌ಗಳಿದ್ದವು. ಬಹುಪಾಲು ಬೇರೆ ಆಪ್‌ಗಳ ನಕಲು, ಪ್ರವಾಸ ಮಾರ್ಗದರ್ಶಿ, ಫೋಟೋ ಆಪ್ ಇಂಥವು. ಅವುಗಳ ಕೆಳಗೆ ಐದು ನಕ್ಷತ್ರಗಳ ಸಾಲು ಸಾಲು, ಒಂದೇ ಧಾಟಿಯ, ಹರಕು ಇಂಗ್ಲಿಷಿನ ಹೊಗಳಿಕೆ. ಐಫೋನ್ ಛಾಯಾಗ್ರಹಣದ ಬಗ್ಗೆ ಬರೆಯುತ್ತಿದ್ದ ತಾಣವೊಂದಕ್ಕೆ ಇದು ವಾಸನೆ ಹೊಡೆಯಿತು. ಐದು ನಕ್ಷತ್ರ ಕೊಟ್ಟವರಿಗೆ ಆಪ್ ಬಿಟ್ಟಿ ಅನ್ನುವ ವ್ಯವಹಾರ ಬಯಲಾಯಿತು. ಅವರು ಆಪಲ್‌ನ ಹಿರಿಯ ಅಧಿಕಾರಿ ಫಿಲ್ ಶಿಲ್ಲರ್ ಅವರಿಗೆ ಬರೆದರು. ಕೆಲವೇ ದಿನಗಳಲ್ಲಿ ಮೋಲಿಂಕರ್‌ನ ಸಾವಿರಕ್ಕೂ ಹೆಚ್ಚು ಆಪ್‌ಗಳು ಅಂಗಡಿಯಿಂದ ಒಟ್ಟಿಗೇ ಕಾಣೆಯಾದವು. ಆಗ ಸ್ಟೋರಿನಲ್ಲಿದ್ದ ಒಟ್ಟು ಆಪ್‌ಗಳು ಒಂದು ಲಕ್ಷದ ಆಸುಪಾಸು. ಅಂದರೆ ನೂರಕ್ಕೆ ಸುಮಾರು ಒಂದು ಆಪ್ ಈ ಒಬ್ಬರದೇ!

ಇದನ್ನು ಓದಿ "ಚೀನಾದವರು ಹಾಗೇ ಬಿಡ್ರೀ" ಅನ್ನಬೇಡಿ. ಮರು ವರ್ಷವೇ, 2010ರ ಆಗಸ್ಟಿನಲ್ಲಿ, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕ್ಯಾಲಿಫೋರ್ನಿಯಾದ ರಿವರ್ಬ್ ಕಮ್ಯುನಿಕೇಶನ್ಸ್ ಎಂಬ ಪ್ರಚಾರ ಸಂಸ್ಥೆಯ ಮೇಲಿನ ಪ್ರಕರಣವನ್ನು ಒಪ್ಪಂದದಲ್ಲಿ ಮುಗಿಸಿತು. ಆರೋಪ ಏನು ಗೊತ್ತೇ? ಗೇಮ್ ಕಂಪನಿಗಳಿಂದ ಹಣ ಪಡೆದ ಈ ಸಂಸ್ಥೆಯ ನೌಕರರು, 2008ರ ನವೆಂಬರಿನಿಂದ 2009ರ ಮೇವರೆಗೆ, ಸಾಮಾನ್ಯ ಗಿರಾಕಿಗಳ ಸೋಗಿನಲ್ಲಿ ಆ ಗೇಮ್‌ಗಳನ್ನು ಹೊಗಳಿ ರಿವ್ಯೂ ಬರೆದರು ಅಂತ. ಸಂಸ್ಥೆಯ ಸಂಭಾವನೆಯಲ್ಲಿ ಎಷ್ಟೋ ಸಲ ಮಾರಾಟದ ಪಾಲೂ ಸೇರಿರುತ್ತಿತ್ತು. ಆ ರಿವ್ಯೂಗಳನ್ನು ತೆಗೆದುಹಾಕಬೇಕು, ಮುಂದೆ ಹಾಗೆ ಮಾಡಕೂಡದು ಅಂತಾಯಿತು. ಹೊಗಳುಭಟ್ಟರು ರಾಜರ ಕಾಲದಲ್ಲೂ ಇದ್ದರು ನಿಜ. ಆದರೆ ಅವರು ಆಸ್ಥಾನದಲ್ಲಿ ನಿಂತೇ ಹೊಗಳುತ್ತಿದ್ದರು. ಸಂತೆಯ ಜನರ ನಡುವೆ ಸಂತೆಯವನಂತೆ ನಿಂತು ಹೊಗಳುವುದು ಬೇರೆಯೇ ವಿದ್ಯೆ.

ಮುಂದಿನ ಹೆಜ್ಜೆ, ಈ ಕೆಲಸವನ್ನು ಗುತ್ತಿಗೆಗೆ ಕೊಡುವುದು. ಅಂಗಡಿಯ ಮೊದಲ ಹತ್ತರ ಪಟ್ಟಿಗೆ ನಿಮ್ಮ ಆಪನ್ನು ಏರಿಸಿ ಕೊಡುತ್ತೇವೆ ಅಂತ ರಾಜಾರೋಷವಾಗಿ ಜಾಹೀರಾತು ಕೊಡುವವರು ಹುಟ್ಟಿಕೊಂಡರು. 2012ರ ಫೆಬ್ರವರಿಯಲ್ಲಿ ಆಪಲ್ ಎಚ್ಚರಿಕೆ ಕೊಟ್ಟಿತು: ಇಂಥವರ ಸಹವಾಸ ಮಾಡಬೇಡಿ, ನೀವೇ ಮಾಡದೆ ಅವರ ಕೈಲಿ ಮಾಡಿಸಿದರೂ ನಿಮ್ಮ ಸದಸ್ಯತ್ವ ಹೋಗಬಹುದು ಅಂತ. 2015ರ ಫೆಬ್ರವರಿಯಲ್ಲಿ ಚೀನಾದಿಂದ ಬಂದ ಒಂದು ಫೋಟೋ ಜಗತ್ತೆಲ್ಲ ಹರಿದಾಡಿತು. ಗೋಡೆಗೆ ಸಾಲಾಗಿ ಜೋಡಿಸಿದ ಹತ್ತಾರು ಐಫೋನ್‌ಗಳು, ಅವುಗಳ ಮುಂದೆ ಕುಳಿತ ಒಬ್ಬ ಹೆಣ್ಣುಮಗಳು. ಆಪ್‌ಗಳನ್ನು ಇಳಿಸಿ, ಅಳಿಸಿ, ಮತ್ತೆ ಇಳಿಸಿ ಪಟ್ಟಿಯಲ್ಲಿ ಮೇಲಕ್ಕೆ ತಳ್ಳುವುದೇ ಇವಳ ಉದ್ಯೋಗ ಅನ್ನುವ ವಿವರಣೆ ಅದರ ಜೊತೆಗಿತ್ತು. ಆ ಫೋಟೋ ಎಷ್ಟರಮಟ್ಟಿಗೆ ನಿಜವೋ, 2017ರ ಜೂನ್‌ನಲ್ಲಿ ಥಾಯ್ಲೆಂಡಿನ ಪೊಲೀಸರು ಕಾಂಬೋಡಿಯಾ ಗಡಿಯ ಹತ್ತಿರದ ಮನೆಯೊಂದಕ್ಕೆ ದಾಳಿ ಮಾಡಿದಾಗ ಸಿಕ್ಕಿದ್ದಂತೂ ನಿಜ. ಕಬ್ಬಿಣದ ಚೌಕಟ್ಟುಗಳಿಗೆ ಜೋಡಿಸಿದ ನೂರಾರು ಫೋನುಗಳು, ಮೂರು ಲಕ್ಷಕ್ಕೂ ಹೆಚ್ಚು ಸಿಮ್ ಕಾರ್ಡು! ಅಲ್ಲಿ ನಡೆಯುತ್ತಿದ್ದದ್ದು ವೀಚಾಟ್‌ನಲ್ಲಿ ಲೈಕ್ ಹೆಚ್ಚಿಸುವ ಕೆಲಸ. ಲೈಕ್ ಆದರೇನು, ನಕ್ಷತ್ರವಾದರೇನು, ಯಂತ್ರ ಅದೇ.

*

ಇದು ಚಾಪೆಯ ಕಥೆ. ಈಗ ರಂಗೋಲಿಗೆ ಬರೋಣ.

ಸುಳ್ಳು ಹೇಳಿಸುವುದು ದುಬಾರಿ, ಸಿಕ್ಕಿಬಿದ್ದರೆ ಅಪಾಯ. ಹಾಗಾದರೆ ನಿಜ ಹೇಳುವವರನ್ನೇ ಆರಿಸಿಕೊಂಡರೆ? 2009ರಲ್ಲಿ ಅಪ್ಪಿರೇಟರ್ ಅನ್ನುವ ಮುಕ್ತ ತಂತ್ರಾಂಶದ ತುಣುಕೊಂದು ಬಂತು. ಯಾರು ಬೇಕಾದರೂ ತಮ್ಮ ಐಫೋನ್ ಆಪ್‌ಗೆ ಅದನ್ನು ಸೇರಿಸಿಕೊಳ್ಳಬಹುದಿತ್ತು. ಆಪನ್ನು ಇಷ್ಟು ದಿನ, ಇಷ್ಟು ಸಲ ಬಳಸಿದ ಮೇಲೆ ಅದು ಕೇಳುತ್ತಿತ್ತು: ರೇಟಿಂಗ್ ಕೊಡುತ್ತೀರಾ? ಆಮೇಲೆ ನೆನಪಿಸಲಾ? ಬೇಡವೇ? ಇದರಲ್ಲಿ ಮೋಸವೇನೂ ಇರಲಿಲ್ಲ. ಅಳಿಸುವವನನ್ನು ಕೇಳುವ ಬದಲು ಉಳಿಸಿಕೊಂಡವನನ್ನು ಕೇಳುವುದು ಅಷ್ಟೇ. ಆಪಲ್ ವಾಲಿಸಿದ್ದ ತಕ್ಕಡಿಯನ್ನು ಇವರು ನೇರ ಮಾಡಿದರು ಅಂತಲೂ ಹೇಳಬಹುದು.

ಆದರೆ ತಕ್ಕಡಿ ನೇರವಾಗಿ ನಿಲ್ಲಲಿಲ್ಲ. ಸ್ವಲ್ಪ ದಿನದಲ್ಲೇ ಈ ಪ್ರಶ್ನೆಯ ಮುಂದೆ ಇನ್ನೊಂದು ಪ್ರಶ್ನೆ ಬಂದು ಕೂತಿತು. "ನಮ್ಮ ಆಪ್ ನಿಮಗೆ ಇಷ್ಟವಾಯಿತೇ?" ಹೌದು ಅಂದರೆ ಅಂಗಡಿಯ ನಕ್ಷತ್ರದ ಪುಟಕ್ಕೆ ಕರೆದೊಯ್ಯುತ್ತದೆ. ಇಲ್ಲ ಅಂದರೆ "ಅಯ್ಯೋ, ಏನು ತೊಂದರೆಯಾಯಿತು ನಮಗೆ ಬರೆದು ತಿಳಿಸಿ" ಅಂತ ಒಂದು ಮಿಂಚಂಚೆಯ ಪೆಟ್ಟಿಗೆಗೆ ಕರೆದೊಯ್ಯುತ್ತದೆ. ನೋಡಲು ಎಷ್ಟು ವಿನಯ! ಈ ಉದ್ಯಮದಲ್ಲಿ ಇದಕ್ಕೆ 'ಲವ್ ಡೈಲಾಗ್' ಅನ್ನುವ ಮುದ್ದಾದ ಹೆಸರೂ ಇತ್ತು.

ಇದರ ಮಹಿಮೆ ತಿಳಿಯಲು ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಆಪನ್ನು ನೂರು ಜನ ಬಳಸುತ್ತಾರೆ ಅಂದುಕೊಳ್ಳಿ. 60 ಜನಕ್ಕೆ ಇಷ್ಟ, 40 ಜನಕ್ಕೆ ಕಷ್ಟ. ನೂರೂ ಜನ ನಕ್ಷತ್ರ ಕೊಟ್ಟರು, ಇಷ್ಟಪಟ್ಟವರು 5, ಪಡದವರು 1. ಸರಾಸರಿ 3.4. ಈಗ ಈ ವಿನಯದ ಪೆಟ್ಟಿಗೆಯನ್ನು ನಡುವೆ ಇಡಿ. ಇಷ್ಟಪಟ್ಟ 60ರಲ್ಲಿ 30 ಜನ ಅಂಗಡಿಗೆ ಹೋಗಿ 5 ಕೊಡುತ್ತಾರೆ. ಇಷ್ಟಪಡದ 40 ಜನರನ್ನು ಮಿಂಚಂಚೆಯ ಕಡೆ ತಿರುಗಿಸಿದ್ದಾಗಿದೆ, ಹಠ ಹಿಡಿದು ಅಂಗಡಿಗೇ ಹೋಗಿ 1 ಕೊಡುವವರು ಇಬ್ಬರು. ಸರಾಸರಿ? 4.75! ಆಪ್ ಅದೇ, ಜನ ಅವರೇ, ಒಬ್ಬನೇ ಒಬ್ಬ ಸುಳ್ಳು ಹೇಳಿಲ್ಲ. ಮೋಲಿಂಕರ್‌ನವರು ಇದನ್ನು ಕಂಡಿದ್ದರೆ ಹೊಟ್ಟೆ ಉರಿದುಕೊಳ್ಳುತ್ತಿದ್ದರೋ ಏನೋ.

ಇದರ ಅತಿ ನಿರ್ಲಜ್ಜ ರೂಪ ಕಂಡದ್ದು 2014ರ ಆರಂಭದಲ್ಲಿ. ಡಂಜನ್ ಕೀಪರ್ ಅನ್ನುವುದು 1997ರ ಜನಪ್ರಿಯ ಕಂಪ್ಯೂಟರ್ ಗೇಮ್. ಅದನ್ನು ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ಮೊಬೈಲಿಗೆ 'ಉಚಿತ' ಅಂತ ತಂದಿತು. ಹೆಜ್ಜೆಹೆಜ್ಜೆಗೂ ಗಂಟೆಗಟ್ಟಲೆ ಕಾಯಬೇಕು, ಇಲ್ಲ ದುಡ್ಡು ಕೊಡಬೇಕು. ಆಂಡ್ರಾಯ್ಡ್ ಆವೃತ್ತಿಯಲ್ಲಿ ಅದು ನಕ್ಷತ್ರ ಕೇಳುತ್ತಿದ್ದದ್ದು ಎರಡೇ ಗುಂಡಿಯಲ್ಲಿ. ಒಂದರ ಮೇಲೆ '1-4 ನಕ್ಷತ್ರ', ಇನ್ನೊಂದರ ಮೇಲೆ '5 ನಕ್ಷತ್ರ'. ಐದು ಒತ್ತಿದರೆ ಗೂಗಲ್ ಪ್ಲೇಗೆ ದಾರಿ. ಇನ್ನೊಂದು ಒತ್ತಿದರೆ ಕಂಪನಿಗೆ ಮಿಂಚಂಚೆ ಬರೆಯಿರಿ ಅನ್ನುವ ಪೆಟ್ಟಿಗೆ. ಅಂದರೆ ನಾಲ್ಕು ನಕ್ಷತ್ರ ಕೊಡುವವನೂ ಇವರ ಪಾಲಿಗೆ ಅತೃಪ್ತ! ಗಲಾಟೆಯಾದಾಗ ಕಂಪನಿ ಹೇಳಿದ್ದು, ಪೂರ್ತಿ ಮೆಚ್ಚದವರ ಅಮೂಲ್ಯ ಅಭಿಪ್ರಾಯ ಸಂಗ್ರಹಿಸಲು ಹಾಗೆ ಮಾಡಿದ್ದು ಅಂತ. ಅದೇ ವರ್ಷ ಜುಲೈನಲ್ಲಿ ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರ ಈ ಗೇಮಿನ 'ಉಚಿತ' ಅನ್ನುವ ಜಾಹೀರಾತೇ ದಾರಿ ತಪ್ಪಿಸುವಂಥದ್ದು ಅಂತ ತೀರ್ಪು ಕೊಟ್ಟಿತು. ನಕ್ಷತ್ರದ ಗುಂಡಿಗಳ ವಿಷಯ ಆ ತೀರ್ಪಿನ ವ್ಯಾಪ್ತಿಗೆ ಬರಲಿಲ್ಲ.

ಜನಕ್ಕೆ ರೇಗಿತ್ತು. 2013ರ ಡಿಸೆಂಬರಿನಲ್ಲಿ ಆಪಲ್ ಬಗ್ಗೆ ಬರೆಯುವ ಪ್ರಸಿದ್ಧ ಬರಹಗಾರ ಜಾನ್ ಗ್ರೂಬರ್, ಹೀಗೆ ಪೀಡಿಸುವ ಆಪ್‌ಗಳಿಗೆಲ್ಲ ಒಂದೇ ನಕ್ಷತ್ರ ಕೊಡಿ ಅಂತ ಚಳವಳಿ ಶುರು ಮಾಡುವ ಯೋಚನೆ ತನಗಿತ್ತು ಅಂತ ಬರೆದರು. ಆಪ್ ಮಾಡುವವರ ವಲಯದಲ್ಲಿ ದೊಡ್ಡ ಚರ್ಚೆಯೇ ಆಯಿತು.

ಆಪ್ ಮಾಡುವವರ ಸಂಕಟವನ್ನೂ ಹೇಳಲೇಬೇಕು. ಚೆನ್ನಾಗಿ ಕೆಲಸ ಮಾಡುವ ಆಪಿಗೆ ಹೋಗಿ ನಕ್ಷತ್ರ ಕೊಡುವ ವ್ಯವಧಾನ ಯಾರಿಗಿದೆ? ಮೆಚ್ಚಿದವರು ಮೌನಿಗಳು, ಸಿಟ್ಟಾದವನಿಗೆ ಮಾತ್ರ ಕಾಲು ಬರುತ್ತದೆ. ಜೊತೆಗೆ ಆಗಿನ ಆಪ್ ಸ್ಟೋರಿನಲ್ಲಿ ಹೊಸ ಆವೃತ್ತಿ ಬಂದಾಗಲೆಲ್ಲ ಎದ್ದು ಕಾಣುವ ನಕ್ಷತ್ರದ ಲೆಕ್ಕ ಸೊನ್ನೆಯಿಂದ ಶುರು. ಸಣ್ಣದೊಂದು ದೋಷ ತಿದ್ದಿ ಆವೃತ್ತಿ ಬಿಟ್ಟರೂ ಕಷ್ಟಪಟ್ಟು ಗಳಿಸಿದ್ದು ಹಿಂದಕ್ಕೆ ಸರಿಯುತ್ತಿತ್ತು. ಸಂಜೆ ಆಫೀಸು ಮುಗಿಸಿ ಬಂದು, ನಿದ್ದೆಗೆಟ್ಟು ಒಂದು ನಿಘಂಟಿನ ಆಪೋ ಕೀಲಿಮಣೆಯೋ ಮಾಡಿ ಬಿಟ್ಟಿಯಾಗಿ ಕೊಡುವ ಒಬ್ಬಂಟಿ ಮನುಷ್ಯನ ಪಾಡೇನು? ಪಕ್ಕದ ಅಂಗಡಿಯವನು ಪೆಟ್ಟಿಗೆ ಇಟ್ಟು 4.7 ಮಾಡಿಕೊಂಡಾಗ, ಇವನ ಪ್ರಾಮಾಣಿಕ 3.9 ಕೆಟ್ಟ ಮಾಲಿನಂತೆ ಕಾಣುತ್ತದೆ. ಇವನೂ ಪೆಟ್ಟಿಗೆ ಇಡಬೇಕು, ಇಲ್ಲ ಅಂಗಡಿ ಮುಚ್ಚಬೇಕು. ಕಳ್ಳತನ ಎಲ್ಲರೂ ಮಾಡುವ ಊರಿನಲ್ಲಿ ಸಾಚಾ ಮನುಷ್ಯನೇ ನಷ್ಟದಲ್ಲಿರುತ್ತಾನೆ.

*

ಅಂಗಡಿ ನಡೆಸುವವರು ಕೊನೆಗೂ ಎದ್ದರು. 2017ರ ಮಾರ್ಚಿನಲ್ಲಿ ಐಓಎಸ್ 10.3ರ ಜೊತೆ ಆಪಲ್ ತನ್ನದೇ ಒಂದು ನಕ್ಷತ್ರದ ಪೆಟ್ಟಿಗೆ ತಂದಿತು. ಆಪಿನೊಳಗಿಂದಲೇ ನಕ್ಷತ್ರ ಕೊಡಬಹುದು, ವರ್ಷಕ್ಕೆ ಒಂದು ಆಪ್ ಮೂರು ಸಲಕ್ಕಿಂತ ಹೆಚ್ಚು ಕೇಳುವಂತಿಲ್ಲ, ಬಳಸುವವರು ಬೇಕಾದರೆ ಪೂರ್ತಿ ಬಂದ್ ಮಾಡಬಹುದು. ಆಪ್ ಮಾಡುವವರು ರಿವ್ಯೂಗಳಿಗೆ ಉತ್ತರಿಸಲೂ ಅವಕಾಶ ಸಿಕ್ಕಿತು. ಅದೇ ಜೂನ್‌ನಲ್ಲಿ, ಎಲ್ಲರೂ ಈ ಪೆಟ್ಟಿಗೆಯನ್ನೇ ಬಳಸಬೇಕು, ಸ್ವಂತದ್ದು ನಡೆಯುವುದಿಲ್ಲ ಅನ್ನುವ ನಿಯಮ ಬಂತು. ಅದೇ ವರ್ಷ ಐಓಎಸ್ 11 ಬಂದಾಗ, ಹೊಸ ಆವೃತ್ತಿ ಬಿಟ್ಟರೂ ಹಳೆಯ ನಕ್ಷತ್ರ ಉಳಿಸಿಕೊಳ್ಳುವ ಸೌಲಭ್ಯವೂ ಸಿಕ್ಕಿತು. ಗೂಗಲ್ 2019ರಲ್ಲಿ ಇತ್ತೀಚಿನ ರೇಟಿಂಗ್‌ಗಳಿಗೆ ಹೆಚ್ಚು ತೂಕ ಕೊಡಲು ಶುರು ಮಾಡಿತು. 2020ರ ಆಗಸ್ಟಿನಲ್ಲಿ ತನ್ನದೂ ಒಂದು ಪೆಟ್ಟಿಗೆ ಕೊಟ್ಟು, ಅದಕ್ಕೆ ಮುಂಚೆ "ನಿಮಗೆ ಇಷ್ಟವಾಯಿತೇ?" "ಐದು ನಕ್ಷತ್ರ ಕೊಡುತ್ತೀರಾ?" ಅಂತೆಲ್ಲ ಕೇಳಕೂಡದು ಅಂತ ಸ್ಪಷ್ಟವಾಗಿ ಬರೆಯಿತು.

ಸರಿ, ಪ್ರಶ್ನೆ ಕೇಳಕೂಡದು. ಆದರೆ ಯಾವ ಗಳಿಗೆಯಲ್ಲಿ ಪೆಟ್ಟಿಗೆ ತೆರೆಯಬೇಕು ಅನ್ನುವುದು ಆಪಿನವರ ಕೈಯಲ್ಲೇ ಉಳಿಯಿತಲ್ಲ! ಮದುವೆ ಮನೆಯಲ್ಲಿ ಎಲೆಗೆ ಹೋಳಿಗೆ ಬಿದ್ದು ಮೇಲೆ ತುಪ್ಪ ಸುರಿಯುತ್ತಿರುವಾಗ "ಅಡುಗೆ ಹೇಗಿದೆ?" ಅಂತ ಕೇಳಿದರೆ ಬರುವ ಉತ್ತರ ಬೇರೆ. ಎರಡನೇ ಸಲ ಅನ್ನ ಕೇಳಿದಾಗ ಸಾರು ಖಾಲಿ ಅಂದ ಮೇಲೆ ಕೇಳಿದರೆ ಬರುವ ಉತ್ತರ ಬೇರೆ. ನೀವೇ ಗಮನಿಸಿ. ಗೇಮಿನಲ್ಲಿ ಒಂದು ಹಂತ ಗೆದ್ದ ಕೂಡಲೇ, ಹಣ ಸರಿಯಾಗಿ ತಲುಪಿ ಹಸಿರು ಗುರುತು ಬಂದ ಕೂಡಲೇ, ರಿಯಾಯಿತಿ ಸಿಕ್ಕ ಕೂಡಲೇ ಪೆಟ್ಟಿಗೆ ಬರುತ್ತದೆ. ಹಣ ಕಡಿತವಾಗಿ ಟಿಕೆಟ್ ಸಿಗದೇ ಇದ್ದಾಗ ಯಾವ ಆಪೂ "ನಮಗೆ ಎಷ್ಟು ನಕ್ಷತ್ರ?" ಅಂತ ಕೇಳಿದ್ದನ್ನು ನಾನು ಕಂಡಿಲ್ಲ.

ಈ ವಿದ್ಯೆಯ ಅತ್ಯುತ್ತಮ ಪ್ರದರ್ಶನ ಕೊಟ್ಟದ್ದು ಬೇರೆ ಯಾರೂ ಅಲ್ಲ, ಸ್ವತಃ ಆಪಲ್! ಅದರ ಪಾಡ್‌ಕಾಸ್ಟ್ ಆಪ್ ಬಗ್ಗೆ ಜನಕ್ಕೆ ಬಹಳ ಅಸಮಾಧಾನವಿತ್ತು, ರೇಟಿಂಗ್ 1.8ಕ್ಕೆ ಇಳಿದಿತ್ತು. 2021ರ ನವೆಂಬರಿನಲ್ಲಿ ನೋಡಿದರೆ 4.6! ಒಂದೇ ತಿಂಗಳಲ್ಲಿ ಇಂಥ ಕಾಯಕಲ್ಪ ಹೇಗೆ? ಆಪೇನೂ ಬದಲಾಗಿರಲಿಲ್ಲ. ಐಓಎಸ್ 15.1ರ ಹೊತ್ತಿಗೆ ಅದರೊಳಗೂ ನಕ್ಷತ್ರದ ಪೆಟ್ಟಿಗೆ ಬರಲು ಶುರುವಾಗಿತ್ತು. ಕಾರ್ಯಕ್ರಮ ಕೇಳುತ್ತಿದ್ದ ಜನ, ತಾವು ಕೇಳುತ್ತಿರುವ ಕಾರ್ಯಕ್ರಮಕ್ಕೇ ನಕ್ಷತ್ರ ಕೇಳುತ್ತಿದ್ದಾರೆ ಅಂದುಕೊಂಡು ಐದು ಒತ್ತಿ, ನಿರೂಪಕರನ್ನು ಹೊಗಳಿ ರಿವ್ಯೂ ಬರೆದಿದ್ದರು. ಹೂವಿನಿಂದ ನಾರು ಸ್ವರ್ಗಕ್ಕೆ ಹೋದದ್ದು ಹೀಗೆ. 2008ರಲ್ಲಿ ತಪ್ಪು ಗಳಿಗೆಯಲ್ಲಿ ಕೇಳಿ ಬೇರೆಯವರ ನಕ್ಷತ್ರ ಕೆಡಿಸಿದ ಕಂಪನಿಗೆ, 2021ರಲ್ಲಿ ಸರಿಯಾದ ಗಳಿಗೆ ಸಿಕ್ಕಿತ್ತು.

*

ಏರಿಸುವವರ ಕಥೆ ಆಯಿತು, ಇಳಿಸುವವರದ್ದೂ ಎರಡು ಮಾತು ಬೇಕು. ಇದರಲ್ಲಿ ನಮ್ಮ ದೇಶದ ಕೊಡುಗೆ ದೊಡ್ಡದು! 2015ರ ನವೆಂಬರಿನಲ್ಲಿ ಅಸಹಿಷ್ಣುತೆ ಕುರಿತು ನಟ ಆಮಿರ್ ಖಾನ್ ಆಡಿದ ಮಾತಿಗೆ ಸಿಟ್ಟಾದವರು, ಅವರು ಪ್ರಚಾರ ರಾಯಭಾರಿಯಾಗಿದ್ದ ಸ್ನ್ಯಾಪ್‌ಡೀಲ್‌ಗೆ ಒಂದು ನಕ್ಷತ್ರದ ಮಳೆ ಸುರಿಸಿದರು. 2017ರ ಏಪ್ರಿಲ್‌ನಲ್ಲಿ ಸ್ನ್ಯಾಪ್‌ಚಾಟ್ ಮುಖ್ಯಸ್ಥರು ಭಾರತವನ್ನು ಬಡದೇಶ ಅಂತ ಹೀಗಳೆದರು ಅನ್ನುವ ಸುದ್ದಿ ಹಬ್ಬಿತು. ಅದು ಹಳೆಯ ಉದ್ಯೋಗಿಯೊಬ್ಬರ ದಾವೆಯಲ್ಲಿದ್ದ ಆರೋಪ, ಕಂಪನಿ ಅಲ್ಲಗಳೆಯಿತು. ಆದರೆ ನಮ್ಮ ಜನ ಕೇಳಬೇಕಲ್ಲ! ಸ್ನ್ಯಾಪ್‌ಚಾಟ್‌ಗೆ ಒಂದು ನಕ್ಷತ್ರ ಕೊಟ್ಟದ್ದು ಹಾಗಿರಲಿ, ಹೆಸರು ಹತ್ತಿರವಿದೆ ಅಂತ ಪಾಪದ ಸ್ನ್ಯಾಪ್‌ಡೀಲ್‌ಗೂ ಎಷ್ಟೋ ಜನ ಬಾರಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

2020ರ ಮೇನಲ್ಲಿ ಯೂಟ್ಯೂಬ್ ಮತ್ತು ಟಿಕ್‌ಟಾಕ್ ಅಭಿಮಾನಿಗಳ ಜಗಳದಲ್ಲಿ ಟಿಕ್‌ಟಾಕ್‌ನ ರೇಟಿಂಗ್ ನಾಲ್ಕೂವರೆಯ ಆಸುಪಾಸಿನಿಂದ 1.2ಕ್ಕೆ ಕುಸಿಯಿತು. ಗೂಗಲ್ ಲಕ್ಷಗಟ್ಟಲೆ ರಿವ್ಯೂಗಳನ್ನು ಅಳಿಸಿತು, ರೇಟಿಂಗ್ ಮತ್ತೆ ನಾಲ್ಕರ ಮೇಲೇರಿತು. (ಜೂನ್ 29ಕ್ಕೆ ಕೇಂದ್ರ ಸರ್ಕಾರ 59 ಆಪ್‌ಗಳಲ್ಲಿ ಒಂದಾಗಿ ಅದನ್ನೂ ನಿಷೇಧಿಸಿದ್ದು ಬೇರೆ ಕಾರಣಕ್ಕೆ.) 2021ರ ಜನವರಿಯಲ್ಲಿ ಅಮೆರಿಕದ ಷೇರು ವ್ಯವಹಾರದ ಆಪ್ ರಾಬಿನ್‌ಹುಡ್, ಗೇಮ್‌ಸ್ಟಾಪ್ ಷೇರು ಕೊಳ್ಳದಂತೆ ತಡೆದಾಗ ಸಿಟ್ಟಾದವರು ಕೊಟ್ಟ ಸುಮಾರು ಒಂದು ಲಕ್ಷ ರಿವ್ಯೂಗಳನ್ನೂ ಗೂಗಲ್ ಅಳಿಸಿತು. ಇಲ್ಲಿ ನನಗೊಂದು ಅನುಮಾನ. ಟಿಕ್‌ಟಾಕ್ ಬಳಸದೆಯೇ ಬೈದವರನ್ನು ಅಳಿಸಿದ್ದು ಸರಿ. ಆದರೆ ರಾಬಿನ್‌ಹುಡ್ ಬಳಸುತ್ತಿದ್ದವರಿಗೆ ನಿಜಕ್ಕೂ ತೊಂದರೆಯಾಗಿತ್ತಲ್ಲ? ಗುಂಪಾಗಿ ಬಂದು ಬೈದರೆ ಅದು ಸುಳ್ಳೇ? ಯಾರ ಸಿಟ್ಟು ಸಾಚಾ ಅಂತ ತೀರ್ಮಾನಿಸುವವರು ಯಾರು?

*

"ಆಯ್ತು ಮಾರಾಯ್ರೆ, ಒಂದು ಗೇಮಿಗೆ ಎರಡು ನಕ್ಷತ್ರ ಹೆಚ್ಚು ಸಿಕ್ಕರೆ ಯಾರ ಗಂಟೇನು ಹೋಯಿತು?" ಅಂತ ಕೇಳಬಹುದು. ಗಂಟು ಹೋದದ್ದುಂಟು.

2020ರ ಲಾಕ್‌ಡೌನಿನಲ್ಲಿ ಕೆಲಸ ಕಳೆದುಕೊಂಡ ಎಷ್ಟೋ ಜನ ಮೊಬೈಲಿನಲ್ಲೇ ಸಾಲ ಕೊಡುವ ಆಪ್‌ಗಳ ಮೊರೆ ಹೋದರು. ಐದು ಸಾವಿರ ಸಾಲಕ್ಕೆ ಕೈಗೆ ಬರುವುದು ಮೂರೂವರೆಯೋ ನಾಲ್ಕೋ ಸಾವಿರ, ವಾರದಲ್ಲಿ ತೀರಿಸಬೇಕು, ತಡವಾದರೆ ಫೋನಿನಲ್ಲಿರುವ ನಂಬರುಗಳಿಗೆಲ್ಲ ಕರೆ, ಮಾನ ಹರಾಜು. ಜೀವ ಕಳೆದುಕೊಂಡವರೂ ಇದ್ದಾರೆ. 2021ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಒಂದು ಕಾರ್ಯತಂಡ ರಚಿಸಿತು. ಆ ವರ್ಷದ ಮೊದಲ ಎರಡು ತಿಂಗಳಲ್ಲಿ ಭಾರತದ ಆಂಡ್ರಾಯ್ಡ್ ಬಳಕೆದಾರರಿಗೆ ಸಿಗುತ್ತಿದ್ದ ಸುಮಾರು 1100 ಸಾಲದ ಆಪ್‌ಗಳಲ್ಲಿ ಸುಮಾರು 600 ಕಾನೂನುಬಾಹಿರ ಅಂತ ಅದರ ವರದಿ ಹೇಳಿತು. ಅರ್ಧಕ್ಕಿಂತ ಹೆಚ್ಚು! ಯಾವುದಕ್ಕೆ ಪರವಾನಗಿ ಇದೆ, ಯಾವುದಕ್ಕಿಲ್ಲ ಅಂತ ಸಾಲಕ್ಕೆ ಅಲೆಯುವವನಿಗೆ ಹೇಗೆ ಗೊತ್ತಾಗಬೇಕು? ಅವನ ಕಣ್ಣಿಗೆ ಬೀಳುವುದು ಹೆಸರು, ಚಿತ್ರ, ನಕ್ಷತ್ರ ಅಷ್ಟೇ. ಅವನಿಗಿಂತ ಮೊದಲು ಇದೇ ಹಳ್ಳಕ್ಕೆ ಬಿದ್ದವನ ಕೂಗು ಅಂಗಡಿಯ ಪುಟದಲ್ಲಿ ಎದ್ದು ಕಾಣಬೇಕಿತ್ತು. ಅದನ್ನು ಒಳದಾರಿಗೆ ತಿರುಗಿಸಿದರೆ, ಹೊಗಳಿಕೆಯ ರಾಶಿಯಡಿ ಹೂತರೆ, ಮುಂದಿನವನೂ ಅದೇ ಹಳ್ಳಕ್ಕೆ ಬೀಳುತ್ತಾನೆ. ನಕ್ಷತ್ರ ತಿರುಚುವುದು ಅಂದರೆ ಅಪಾಯದ ಫಲಕ ಕಿತ್ತು ಹಾಕಿದ ಹಾಗೆ.

ಇನ್ನೊಂದು ವಿಪರ್ಯಾಸ ನೋಡಿ. ನಕ್ಷತ್ರಕ್ಕೆ ಕಾಸು ಸಿಗುತ್ತದೆ ಅನ್ನುವುದು ಜನಜನಿತವಾದ ಮೇಲೆ ಅದೇ ಒಂದು ಗಾಳವಾಯಿತು. "ಮನೆಯಲ್ಲೇ ಕೂತು ರೇಟಿಂಗ್ ಕೊಡಿ, ಒಂದೊಂದಕ್ಕೂ ಇಷ್ಟು ರೂಪಾಯಿ" ಅಂತ ವಾಟ್ಸಾಪಿನಲ್ಲಿ ಮೆಸೇಜು ಬರುತ್ತದೆ, ಆಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸುತ್ತಾರೆ. ಮೊದಲ ದಿನ ನಿಜವಾಗಿಯೂ ನೂರಿನ್ನೂರು ರೂಪಾಯಿ ಖಾತೆಗೆ ಬೀಳುತ್ತದೆ. ಆಮೇಲೆ 'ಪ್ರೀಪೇಯ್ಡ್ ಟಾಸ್ಕ್', ಮೊದಲು ನೀವು ಹಣ ಹಾಕಿ, ಹೆಚ್ಚು ವಾಪಸು ಬರುತ್ತದೆ ಅಂತ. ಹಾಕಿದ್ದು ಬರುವುದಿಲ್ಲ. ಬೆಂಗಳೂರಿನ ಸೈಬರ್ ಠಾಣೆಗಳಲ್ಲಿ ಇಂಥ ದೂರುಗಳು ಬೇಕಾದಷ್ಟು ದಾಖಲಾಗಿವೆ. ಕಳೆದುಕೊಂಡವರಲ್ಲಿ ಸಾಫ್ಟ್‌ವೇರ್ ಕೆಲಸದವರೂ ಇದ್ದಾರೆ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇಂಥ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ಮುಚ್ಚಿಸಿತು.

ಕಾನೂನುಗಳೂ ನಿಧಾನಕ್ಕೆ ಬರುತ್ತಿವೆ. 2022ರ ನವೆಂಬರಿನಲ್ಲಿ ಭಾರತೀಯ ಮಾನಕ ಸಂಸ್ಥೆ ಆನ್‌ಲೈನ್ ರಿವ್ಯೂಗಳನ್ನು ಹೇಗೆ ಸಂಗ್ರಹಿಸಿ ಪ್ರಕಟಿಸಬೇಕು ಅನ್ನುವ ಮಾನದಂಡ ತಂದಿತು, ಪಾಲಿಸುವುದು ಅವರವರ ಇಷ್ಟಕ್ಕೆ ಬಿಟ್ಟಂತೆ. 2023ರ ನವೆಂಬರ್ 30ರಂದು 'ಡಾರ್ಕ್ ಪ್ಯಾಟರ್ನ್' ತಡೆಯುವ ಮಾರ್ಗಸೂಚಿ ಬಂತು. ಅದು ಹೆಸರಿಸಿದ 13 ಕುತಂತ್ರಗಳಲ್ಲಿ ಬಳಕೆದಾರರನ್ನು ಮತ್ತೆ ಮತ್ತೆ ಕೇಳಿ ಪೀಡಿಸುವುದೂ ಒಂದು. ಅಮೆರಿಕದಲ್ಲಿ ನಕಲಿ ರಿವ್ಯೂ ಕೊಳ್ಳುವ, ಮಾರುವ ವ್ಯವಹಾರವನ್ನು ನಿಷೇಧಿಸುವ ನಿಯಮ 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಇವೆಲ್ಲ ಚಾಪೆ ಎತ್ತಿ ನೋಡುವ ಕಾನೂನುಗಳು. ಹೋಳಿಗೆ ಬಡಿಸುವಾಗಲೇ ಕೇಳಬಾರದು ಅಂತ ಯಾವ ಕಾನೂನು ತಾನೇ ಹೇಳೀತು?

ಹಾಗಾಗಿ ಉಳಿದದ್ದು ನಮ್ಮ ಕೈಯಲ್ಲಿರುವ ಸಣ್ಣ ಉಪಾಯಗಳು. ಸರಾಸರಿಯನ್ನು ಬಿಟ್ಟು ಎರಡು ಮೂರು ನಕ್ಷತ್ರದ ರಿವ್ಯೂಗಳನ್ನು ಓದಿ, ಅವರು ಅಭಿಮಾನಿಗಳೂ ಅಲ್ಲ, ಶತ್ರುಗಳೂ ಅಲ್ಲ. ತಾರೀಕು ನೋಡಿ, ಒಂದೇ ವಾರದಲ್ಲಿ ಒಂದೇ ಧಾಟಿಯ ಹೊಗಳಿಕೆ ಬಂದಿದ್ದರೆ ಹುಷಾರಾಗಿ. ಹಣದ ವಿಷಯದ ಆಪ್ ಆದರೆ ನಕ್ಷತ್ರ ನೋಡಲೇಬೇಡಿ, ಹಿಂದಿರುವ ಕಂಪನಿ ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿದೆಯೇ ನೋಡಿ. ಇನ್ನು, ಯಾವುದಾದರೂ ಆಪ್ "ತೊಂದರೆಯಾಯಿತೇ? ನಮಗೆ ಮಾತ್ರ ತಿಳಿಸಿ" ಅಂದರೆ ಅವರಿಗೂ ತಿಳಿಸಿ, ಅಂಗಡಿಯ ಪುಟದಲ್ಲೂ ನಾಲ್ಕು ಸಾಲು ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಮುಂದೆ ಬರುವವರು ನಮ್ಮವರೇ. ಹಾಗೆಯೇ, ಸದ್ದಿಲ್ಲದೆ ನಿಮ್ಮ ಕೆಲಸ ಮಾಡಿಕೊಡುತ್ತಾ, ಒಂದು ಸಲವೂ ನಕ್ಷತ್ರ ಕೇಳದ ಆಪ್ ಯಾವುದಾದರೂ ನಿಮ್ಮ ಫೋನಿನಲ್ಲಿದ್ದರೆ, ಇವತ್ತೇ ಹೋಗಿ ಅದಕ್ಕೆ ಸಲ್ಲಬೇಕಾದ್ದನ್ನು ಕೊಟ್ಟು ಬನ್ನಿ. ಕೇಳದೇ ಕೊಟ್ಟ ನಕ್ಷತ್ರಕ್ಕೆ ತೂಕ ಹೆಚ್ಚು.

ನೀವು ಕಂಡ ಇಂಥ ಪೆಟ್ಟಿಗೆಗಳ ಚಮತ್ಕಾರವಿದ್ದರೆ ಕಮೆಂಟಿನಲ್ಲಿ ಹಂಚಿಕೊಳ್ಳಿ. ಬರಹ ಇಷ್ಟವಾಗದವರೂ ಇಲ್ಲೇ, ಎಲ್ಲರಿಗೂ ಕಾಣುವ ಹಾಗೆ ಬೈಯಬಹುದು. ಮಿಂಚಂಚೆಯ ಪೆಟ್ಟಿಗೆ ಇಟ್ಟಿಲ್ಲ :)